ನೀಹಾರಿಕಾ ಪಂಚಕ: ಒಂದು ಛಾಯಾಚಿತ್ರದ ಸಾಕ್ಷ್ಯ

ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಓದುತ್ತಿರುವ ನನಗೆ ನಕ್ಷತ್ರಗಳ ಉಸಾಬರಿ ಏಕೆಂದು ಸಹಪಾಠಿಗಳು ಕೇಳಿದ್ದುಂಟು. ಅವರ ಪ್ರಶ್ನೆ ನ್ಯಾಯವಾದದ್ದೇ. ಭೌತಶಾಸ್ತ್ರವನ್ನು ನಾನು ಹತ್ತನೆಯ ತರಗತಿಯ ಆಚೆಗೆ ಓದಿದವನಲ್ಲ. ಗಣಿತವೆಂದರೆ ಇಂದಿಗೂ ಅಂಜಿಕೆ. ಆದರೂ ಕಳೆದ ಕಾರ್ತಿಕದಲ್ಲಿ ನಮ್ಮ ರಾಗಿಯ ಕಣದ ಮೇಲೆ ನಿಂತು, ಸುಮಾರು 29 ಕೋಟಿ ಬೆಳಕಿನ ವರ್ಷಗಳಷ್ಟು ದೂರದಲ್ಲಿರುವ ಒಂದು ಗೆಲಕ್ಸಿ ಗುಂಪಿನ ಛಾಯಾಚಿತ್ರವನ್ನು ತೆಗೆಯುವ ಭಾಗ್ಯ ನನ್ನ ಪಾಲಿಗೆ ಬಂತು. ಅದನ್ನು ತೆಗೆದ ಬಗೆ ಹೇಗೆ, ಅದರಿಂದ ತಿಳಿದದ್ದೇನು, ಅದರಲ್ಲಿ ನಾನು ಮಾಡಲಿದ್ದ ತಪ್ಪು ಯಾವುದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಕಲಾವಿಭಾಗದ ಮಿತ್ರರಿಗೆ ಕಂಡೀತೆಂದು ನಂಬಿದ್ದೇನೆ.

ಮೊದಲು ಗೆಲಕ್ಸಿ ಎಂದರೇನೆಂಬುದನ್ನು ಹೇಳಬೇಕು. ನಾವು ರಾತ್ರಿ ಕಾಣುವ ನಕ್ಷತ್ರಗಳೆಲ್ಲ, ನಮ್ಮ ಸೂರ್ಯನೂ ಸೇರಿ, ಆಕಾಶಗಂಗೆಯೆಂಬ ಒಂದು ದೊಡ್ಡ ನಕ್ಷತ್ರಸಮೂಹಕ್ಕೆ ಸೇರಿದವು. ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅಂಥ ಸಮೂಹಕ್ಕೆ ಗೆಲಕ್ಸಿ ಎಂದು ಹೆಸರು. ದೂರದರ್ಶಕದಲ್ಲಿ ಇವು ಮಂಜಿನ ತುಣುಕಿನಂತೆ ತೋರುವುದರಿಂದ ಹಿಂದಿನವರು ಇವನ್ನೂ ನೀಹಾರಿಕೆಗಳೆಂದೇ ಕರೆದರು. ಕೆಲವು ಗೆಲಕ್ಸಿಗಳು ಒಂಟಿಯಾಗಿರುತ್ತವೆ. ಕೆಲವು ಗುಂಪಾಗಿದ್ದು, ಒಂದನ್ನೊಂದು ತಮ್ಮ ಗುರುತ್ವದಿಂದ ಸೆಳೆದು, ಜಗ್ಗಿ, ರೂಪಗೆಡಿಸುತ್ತವೆ. ಅಂಥ ಗುಂಪುಗಳಲ್ಲಿ ಬಹು ಪ್ರಸಿದ್ಧವಾದದ್ದು 'ಸ್ಟೆಫಾನನ ಪಂಚಕ'.

ಇದನ್ನು ಮೊದಲು ಕಂಡವನು ಫ್ರಾನ್ಸ್ ದೇಶದ ಎಡ್ವಾರ್ ಸ್ಟೆಫಾನ್. 1877ರಲ್ಲಿ ಮಾರ್ಸೇಲ್ ನಗರದ ವೀಕ್ಷಣಾಲಯದಲ್ಲಿ, ಬೆಳ್ಳಿಯ ಲೇಪವಿದ್ದ 80 ಸೆಂಟಿಮೀಟರ್ ಅಗಲದ ಗಾಜಿನ ದರ್ಪಣದ ದೂರದರ್ಶಕಕ್ಕೆ ಕಣ್ಣಿಟ್ಟು ಅವನು ಈ ಮಂಜಿನ ಚುಕ್ಕೆಗಳನ್ನು ಗುರುತಿಸಿದನು. ಅವು ನಮ್ಮ ಆಕಾಶಗಂಗೆಯ ಆಚೆಯವು ಎಂಬುದು ಅವನಿಗೆ ತಿಳಿದಿರಲಿಲ್ಲ. ಆ ಮಾತು ಆಗ ಯಾರಿಗೂ ನಿಶ್ಚಯವಾಗಿರಲಿಲ್ಲ. 1888ರಲ್ಲಿ ಪ್ರಕಟವಾದ ಎನ್.ಜಿ.ಸಿ. ಎಂಬ ಪಟ್ಟಿಯಲ್ಲಿ ಇವಕ್ಕೆ 7317, 7318, 7319, 7320 ಎಂಬ ನಾಲ್ಕೇ ಸಂಖ್ಯೆಗಳು ದೊರೆತವು. 7318 ಎಂಬುದು ಒಂದರ ಮೈಮೇಲೆ ಒಂದು ಬಿದ್ದಂತಿರುವ ಜೋಡಿಯಾದ್ದರಿಂದ ಅದನ್ನು ಎ ಮತ್ತು ಬಿ ಎಂದು ವಿಂಗಡಿಸಿದರು. ಹೀಗೆ ಲೆಕ್ಕ ಐದಾಯಿತು.

ಪಂಚಕವಿರುವ ಜಾಗವನ್ನು ಗುರುತಿಸುವುದು ಕಷ್ಟವಲ್ಲ. ಕಾರ್ತಿಕದ ರಾತ್ರಿ ಎಂಟರ ಹೊತ್ತಿಗೆ ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಕಾಣುತ್ತದೆ. ಪಂಚಾಂಗ ಬಲ್ಲವರಿಗೆ ಇದು ಹೊಸದಲ್ಲ: ಪಶ್ಚಿಮದ ಎರಡು ನಕ್ಷತ್ರಗಳು ಪೂರ್ವಾಭಾದ್ರಾ, ಪೂರ್ವದ ಎರಡು ಉತ್ತರಾಭಾದ್ರಾ. ಪಾಶ್ಚಾತ್ಯರು ಇದನ್ನು ಪೆಗಸಸ್ ಎಂಬ ರೆಕ್ಕೆಯ ಕುದುರೆಯ ಮೈ ಎನ್ನುತ್ತಾರೆ. ಚೌಕದ ವಾಯವ್ಯ ಮೂಲೆಯಿಂದ ಇನ್ನೂ ಸ್ವಲ್ಪ ವಾಯವ್ಯಕ್ಕೆ ಸರಿದರೆ ಎನ್.ಜಿ.ಸಿ. 7331 ಎಂಬ ಸಾಕಷ್ಟು ಪ್ರಕಾಶವುಳ್ಳ ಗೆಲಕ್ಸಿ ಸಿಕ್ಕುತ್ತದೆ. ಅದರಿಂದ ಒಂದು ಚಂದ್ರಬಿಂಬದಷ್ಟು ಅಂತರದಲ್ಲಿ ನಮ್ಮ ಪಂಚಕವಿದೆ. ಐದೂ ಸೇರಿ ಚಂದ್ರಬಿಂಬದ ಅಗಲದಲ್ಲಿ ಸುಮಾರು ಎಂಟನೆಯ ಒಂದು ಪಾಲು. ಮಂದತೆಯಲ್ಲಿ ಬರಿಗಣ್ಣಿಗೆ ಕಾಣುವ ಕಟ್ಟಕಡೆಯ ನಕ್ಷತ್ರಕ್ಕಿಂತಲೂ ನೂರಾರು ಪಾಲು ಮಂದ. 'ಪಂಚಕ'ವೆಂಬ ಮಾತು ಕಿವಿಗೆ ಬಿದ್ದಾಗ ನಮ್ಮ ತಾಯಿ, ಧನಿಷ್ಠಾ ಪಂಚಕದ ಗೊಡವೆಯೇ ಇರಬೇಕೆಂದು ಬೆಚ್ಚಿದರು. ಅದಲ್ಲವೆಂದು ಒಪ್ಪಿಸುವುದಕ್ಕೆ ಒಂದು ವಾರ ಹಿಡಿಯಿತು. ಅಮಾವಾಸ್ಯೆಯ ರಾತ್ರಿ ಹೊಲದಲ್ಲಿರಲು ಅಪ್ಪಣೆ ಪಡೆಯುವುದಕ್ಕೆ ಇನ್ನೊಂದು ವಾರ.

ದೂರದರ್ಶಕ ನನ್ನದಲ್ಲ. ಪಕ್ಕದ ಪಟ್ಟಣದಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸಂತೋಷಕ್ಕಾಗಿ ಇಟ್ಟುಕೊಂಡಿರುವ ಎಂಟು ಅಂಗುಲ ಅಗಲದ ದರ್ಪಣದ ಯಂತ್ರ ಅದು. ಎಂಟು ಅಂಗುಲವೆಂದರೆ ಸಣ್ಣದೆಂದು ತೋರಬಹುದು. ಆದರೆ ಕತ್ತಲೆಯಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆಗಿಂತ ಅದು ಸುಮಾರು 800 ಪಾಲು ಹೆಚ್ಚು ಬೆಳಕನ್ನು ಕೂಡಿಸುತ್ತದೆ. ಅದರ ಹಿಂದೆ ಕಣ್ಣಿಡುವ ಕಡೆ, ಕೊಂಡಿಯೊಂದರಿಂದ ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಸಿಕ್ಕಿಸಿದ್ದರು. ಇಷ್ಟೇ ನಮ್ಮ ಸಲಕರಣೆ.

ಮೊದಲ ಪ್ರಯತ್ನ ದೀಪಾವಳಿಯ ಅಮಾವಾಸ್ಯೆಯಂದು ನಡೆದು ಪೂರ್ತಿಯಾಗಿ ವಿಫಲವಾಯಿತು. ಊರಿನ ಪಟಾಕಿಯ ಹೊಗೆ, ಮೇಲೆ ಮಳೆಯ ಮೋಡ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ರಾಗಿ ಕೊಯ್ಲು ಮುಗಿದು, ಸಗಣಿ ಸಾರಿಸಿದ ಕಣ ಗಟ್ಟಿಯಾಗಿ ಸಮತಟ್ಟಾಗಿತ್ತು. ದೂರದರ್ಶಕದ ಮೂರು ಕಾಲುಗಳನ್ನೂರಲು ಅದಕ್ಕಿಂತ ಒಳ್ಳೆಯ ನೆಲ ಸಿಕ್ಕದು.

ಇಂಥ ಛಾಯಾಚಿತ್ರಕ್ಕೆ ಇರುವ ಮೊದಲ ತೊಡಕು ಭೂಮಿಯ ತಿರುಗುವಿಕೆ. ಒಂದು ನಿಮಿಷದಲ್ಲಿ ಆಕಾಶವು ಕಾಲು ಡಿಗ್ರಿಯಷ್ಟು, ಎಂದರೆ ಚಂದ್ರಬಿಂಬದ ಅರ್ಧದಷ್ಟು, ಪಶ್ಚಿಮಕ್ಕೆ ಸರಿಯುತ್ತದೆ. ಯಂತ್ರವು ನಿಂತಲ್ಲೇ ನಿಂತರೆ ನಕ್ಷತ್ರಗಳು ಚುಕ್ಕೆಯಾಗಿ ಮೂಡದೆ ಗೆರೆಯಾಗುತ್ತವೆ. ಆದ್ದರಿಂದ ಭೂಮಿಯ ಅಕ್ಷಕ್ಕೆ ಸಮನಾಗಿ ಯಂತ್ರದ ಒಂದು ಅಕ್ಷವನ್ನು ನಿಲ್ಲಿಸಿ, ಮೋಟಾರಿನಿಂದ ಅದನ್ನು ಆಕಾಶದ ವೇಗಕ್ಕೆ ತಕ್ಕಂತೆ ತಿರುಗಿಸಬೇಕು. ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ಗುರಿ ಮಾಡಬೇಕು. ನಮ್ಮ ಸೀಮೆಯಲ್ಲಿ ಧ್ರುವವು ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಎತ್ತರದಲ್ಲಿರುತ್ತದೆ; ನಮ್ಮ ಕಣದಿಂದ ನೋಡಿದರೆ ಅದು ಸರಿಯಾಗಿ ನೆರೆಯವರ ತೆಂಗಿನ ಸಾಲಿನ ಹಿಂದೆ ಅವಿತಿತ್ತು. ಕಣದ ಈ ಮೂಲೆಯಿಂದ ಆ ಮೂಲೆಗೆ ಎರಡು ಸಲ ಯಂತ್ರವನ್ನು ಹೊತ್ತು, ಗರಿಗಳ ಸಂದಿನಲ್ಲಿ ಧ್ರುವನನ್ನು ಹಿಡಿಯುವಷ್ಟರಲ್ಲಿ ಏಳು ಗಂಟೆ ದಾಟಿತ್ತು.

ಮೋಟಾರಿಗೆ ಟ್ರ್ಯಾಕ್ಟರಿನ ಬ್ಯಾಟರಿ ಒದಗಿತು. ಇಬ್ಬನಿ ಬೀಳತೊಡಗಿದಾಗ ಕೊಳವೆಗೆ ಕಂಬಳಿ ಸುತ್ತಿದೆವು. ತಂದೆಯವರು ನಮಗೆ ಚಳಿಯಾದೀತೆಂದು ಬಾಣಲೆಯಲ್ಲಿ ಕೆಂಡ ತಂದಿಟ್ಟರು. ಮೇಷ್ಟ್ರು ನಕ್ಕು, "ಬೇಡ ಗೌಡ್ರೆ, ಬಿಸಿಗಾಳಿ ಎದ್ದರೆ ನಕ್ಷತ್ರ ಕುಣಿಯುತ್ತೆ," ಎಂದು ಅದನ್ನು ದೂರ ಇರಿಸಿದರು.

ಕ್ಯಾಮೆರಾ ತೊಡಿಸುವ ಮುನ್ನ ನಾನು ಕಣ್ಣಿಟ್ಟು ನೋಡಿದೆ. ಏನೂ ಕಾಣಲಿಲ್ಲ. ನೇರವಾಗಿ ನೋಡದೆ ಓರೆಗಣ್ಣಿನಿಂದ ನೋಡೆಂದು ಮೇಷ್ಟ್ರು ಹೇಳಿದ ಮೇಲೆ, ಅಲ್ಲೇನೋ ಮಬ್ಬು ಇದ್ದಂತೆ ಒಮ್ಮೆ ಭಾಸವಾಯಿತು. ಇದ್ದದ್ದೇ ಭಾಸವಾಯಿತೋ, ಇರಲಿ ಎಂಬ ಆಸೆಯೇ ಹಾಗೆ ತೋರಿತೋ ಹೇಳಲಾರೆ.

ಕಣ್ಣಿಗೂ ಕ್ಯಾಮೆರಾಗೂ ಇರುವ ಮುಖ್ಯ ಅಂತರ ಇಲ್ಲಿದೆ. ಕಣ್ಣು ಬೆಳಕನ್ನು ಬಹುಕಾಲ ಕೂಡಿಡಲಾರದು. ಹೊಸದನ್ನು ಕಾಣಲು ಹಳೆಯದನ್ನು ಆ ಕ್ಷಣವೇ ಬಿಟ್ಟುಬಿಡುತ್ತದೆ. ಕ್ಯಾಮೆರಾ ತಾಳ್ಮೆಯಿಂದ ಕೂಡಿಡುತ್ತದೆ. ಹಿಂದೆ ಈ ಕೆಲಸವನ್ನು ಗಾಜಿನ ಫಲಕ ಮತ್ತು ಫಿಲ್ಮುಗಳು ಮಾಡುತ್ತಿದ್ದವು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಸಿ.ಸಿ.ಡಿ. ಎಂಬ ಸಿಲಿಕಾನಿನ ಬಿಲ್ಲೆಯನ್ನು ಕಂಡುಹಿಡಿದ ತರುವಾಯ, ಬಂದ ಬೆಳಕಿನ ಬಹುಪಾಲನ್ನು ವಿದ್ಯುತ್ತಾಗಿ ಎಣಿಸಲು ಸಾಧ್ಯವಾಯಿತು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಕಾಲದಲ್ಲಿ ದೊಡ್ಡ ವೀಕ್ಷಣಾಲಯಗಳಿಗೆ ಮಾತ್ರ ಎಟುಕುತ್ತಿದ್ದ ಮಂದ ಬೆಳಕು ಇಂದು ರಾಗಿಯ ಕಣಕ್ಕೂ ಇಳಿಯಲು ಇಂಥ ಬಿಲ್ಲೆಗಳೇ ಕಾರಣ.

ನಾವು ಒಂದೊಂದು ನಿಮಿಷದ 130 ಚಿತ್ರಗಳನ್ನು ತೆಗೆದೆವು. ಗಾಳಿಗೆ ಅಲುಗಿದವು, ವಿಮಾನ ಹಾದವು ಎಂದು ಕಳೆದು 100 ಉಳಿದವು. ಒಂದೇ ದೀರ್ಘಚಿತ್ರದ ಬದಲು ನೂರು ಚಿಕ್ಕ ಚಿತ್ರಗಳೇಕೆ? ಸಂತೆಯ ಗದ್ದಲದಲ್ಲಿ ಒಬ್ಬನು ಒಂದೇ ಮಾತನ್ನು ನೂರು ಸಲ ಹೇಳುತ್ತಾನೆಂದು ಭಾವಿಸಿ. ಗದ್ದಲ ಪ್ರತಿಸಲವೂ ಬೇರೆ ಬೇರೆ. ಅವನ ಮಾತು ಮಾತ್ರ ಅದೇ. ನೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಗದ್ದಲ ತನ್ನಲ್ಲೇ ಕರಗಿ ಮಾತು ಉಳಿಯುತ್ತದೆ. ಗಣಿತದ ನಿಯಮದಂತೆ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಸ್ಪಷ್ಟತೆ ಹೆಚ್ಚುತ್ತದೆ; ನೂರು ಚಿತ್ರಕ್ಕೆ ಹತ್ತು ಪಾಲು. ನೂರು ಪಟ್ಟು ದುಡಿದವನಿಗೆ ಹತ್ತು ಪಟ್ಟು ಕೂಲಿ!

ಇದಲ್ಲದೆ ಇನ್ನೆರಡು ಬಗೆಯ ಚಿತ್ರಗಳು ಬೇಕು. ಮುಚ್ಚಳ ಮುಚ್ಚಿ ಅಷ್ಟೇ ಹೊತ್ತು ತೆಗೆದ ಕತ್ತಲೆಯ ಚಿತ್ರಗಳಿಂದ ಕ್ಯಾಮೆರಾದ ಸ್ವಂತ ದೋಷ ತಿಳಿಯುತ್ತದೆ. ಬೆಳಗಾಗುವಾಗ ಕೊಳವೆಯ ಬಾಯಿಗೆ ಬಿಳಿಯ ಬಟ್ಟೆ ಬಿಗಿದು ತೆಗೆದ ಚಿತ್ರಗಳಿಂದ ದರ್ಪಣದ ಧೂಳೂ ಅಂಚಿನ ಮಬ್ಬೂ ತಿಳಿಯುತ್ತವೆ. ಆ ಬಟ್ಟೆಯಾಗಿ ತಂದೆಯವರ ಮಡಿಸಿಟ್ಟ ಪಂಚೆ ಉಪಯೋಗಕ್ಕೆ ಬಂತು. ಸಾಕ್ಷಿಯ ಮಾತನ್ನು ನಂಬುವ ಮೊದಲು ಸಾಕ್ಷಿಯ ದೌರ್ಬಲ್ಯವನ್ನು ತಿಳಿಯಬೇಕೆಂದು ನಮ್ಮ ಇತಿಹಾಸದ ತರಗತಿಯಲ್ಲಿ ಕಲಿಸುವುದೂ ಇದನ್ನೇ ಅಲ್ಲವೆ?

ಮೇಷ್ಟ್ರ ಮನೆಯ ಗಣಕಯಂತ್ರದಲ್ಲಿ ನೂರು ಚಿತ್ರಗಳನ್ನು ಕೂಡಿಸಿದಾಗ ಕಪ್ಪು ತೆರೆಯ ನಡುವೆ ಐದು ಮಬ್ಬುಗಳು ಮೂಡಿದವು. ಒಂದು ಉರುಟು, ಎರಡು ತಬ್ಬಿಕೊಂಡಂತೆ, ಒಂದು ಓರೆ, ಒಂದು ಉಳಿದವಕ್ಕಿಂತ ದೊಡ್ಡದು. ಆ ಹೊತ್ತಿನ ಸಂತೋಷವನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ.

ತಪ್ಪು ನಡೆದದ್ದು ಇದಾದ ಮೇಲೆ. ದೊಡ್ಡ ವೀಕ್ಷಣಾಲಯಗಳ ಚಿತ್ರಗಳಲ್ಲಿ 7319ರಿಂದ ಹೊರಟ ಒಂದು ಉದ್ದನೆಯ ಬಾಲವನ್ನು ನಾನು ಕಂಡಿದ್ದೆ. ಗೆಲಕ್ಸಿಗಳು ಒಂದರ ಪಕ್ಕ ಒಂದು ಹಾದುಹೋಗುವಾಗ, ಚಂದ್ರನು ಕಡಲ ನೀರನ್ನು ಸೆಳೆಯುವಂತೆ, ಒಂದು ಇನ್ನೊಂದರ ನಕ್ಷತ್ರಗಳನ್ನೂ ಅನಿಲವನ್ನೂ ಜಗ್ಗಿ ಹೀಗೆ ಬಾಲ ಎಳೆಯುತ್ತದೆ. ಗೆಲಕ್ಸಿಗಳ ಪರಸ್ಪರ ಸೆಳೆತಕ್ಕೆ ಕಣ್ಣಿಗೆ ಕಾಣುವ ಗುರುತು ಅದೇ. ನನ್ನ ಚಿತ್ರದಲ್ಲಿ ಅದಿಲ್ಲದಿದ್ದರೆ ಐದು ಮಸಿಯ ಚುಕ್ಕೆಗಳನ್ನು ಯಾರು ಮೆಚ್ಚುತ್ತಾರೆ? ಕಾಲೇಜಿನ ವಸ್ತುಪ್ರದರ್ಶನ ಬೇರೆ ಹತ್ತಿರ ಬಂದಿತ್ತು. ಮಂದವಾದ ಭಾಗಗಳನ್ನು ಬೆಳಗಿಸುತ್ತ, ಮತ್ತೂ ಬೆಳಗಿಸುತ್ತ ಮೂರು ರಾತ್ರಿ ಕುಳಿತೆ. ಕೊನೆಗೆ 7319ರ ಪಕ್ಕದಲ್ಲಿ ಒಂದು ಬೂದುಬಣ್ಣದ ಎಳೆ ಕಂಡಿತು. ಬಾಲ ಸಿಕ್ಕಿತೆಂದು ಹಿಗ್ಗಿ ಅದಕ್ಕೆ ಇನ್ನಷ್ಟು ಕಾಂತಿ ಕೊಟ್ಟು, ಮೇಷ್ಟ್ರಿಗೆ ತೋರಿಸಿದೆ.

ಅವರು ಬಹಳ ಹೊತ್ತು ನೋಡಿ, "ಚೆನ್ನಾಗಿದೆಯಯ್ಯ. ಇದು ಆಕಾಶದಿಂದ ಬಂತೋ, ನಿನ್ನಿಂದ ಬಂತೋ?" ಎಂದರು. ಪರೀಕ್ಷಿಸುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ನೂರು ಚಿತ್ರಗಳನ್ನು ಐವತ್ತೈವತ್ತರ ಎರಡು ಪಾಲು ಮಾಡಿ, ಎರಡನ್ನೂ ಬೇರೆ ಬೇರೆಯಾಗಿ, ಆದರೆ ಒಂದೇ ಕ್ರಮದಲ್ಲಿ ಸಿದ್ಧಪಡಿಸು. ನಿಜವಾದದ್ದು ಎರಡರಲ್ಲೂ ಕಾಣಬೇಕು. ಹಾಗೆಯೇ ಮಾಡಿದೆ. ಐದು ಮಬ್ಬುಗಳೂ ಎರಡು ಪಾಲಿನಲ್ಲೂ ಅದೇ ಜಾಗದಲ್ಲಿ ಅದೇ ರೂಪದಲ್ಲಿ ಬಂದವು. ಬಾಲ ಒಂದರಲ್ಲಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ನಾನು ವಾದಿಸಿದೆ. "ಬಾಲ ಇರೋದು ನಿಜ ತಾನೆ ಸಾರ್? ದೊಡ್ಡ ದೂರದರ್ಶಕಗಳು ಕಂಡಿವೆಯಲ್ಲ?" ಅವರು, "ಇರೋದು ನಿಜ. ನಿನ್ನ ಚಿತ್ರ ಅದನ್ನ ಕಂಡಿಲ್ಲ ಅನ್ನೋದೂ ನಿಜ," ಎಂದು ಸುಮ್ಮನಾದರು.

ಅಂದು ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನೆನಪಾದದ್ದು ನಮ್ಮ ತಂದೆಯವರ ಹೆಬ್ಬೆಟ್ಟು. ಅವರು ಅಕ್ಷರ ಬಲ್ಲವರಲ್ಲ. ನಾನು ಹುಟ್ಟುವ ಮೊದಲು, ಓದಿದವರೊಬ್ಬರು ಬರೆದು ಓದಿ ಹೇಳಿದ ಒಂದು ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತಿದರು. ಓದಿ ಹೇಳಿದ ಮಾತು ಒಂದು, ಕಾಗದದಲ್ಲಿದ್ದ ಅಳತೆ ಇನ್ನೊಂದು. ಆಗ ಹೋದ ಹೊಲದ ತುಂಡು ಹಿಂದಿರುಗಲಿಲ್ಲ. ನನ್ನನ್ನು ಶಾಲೆಗೆ ಕಳಿಸಿದ್ದಕ್ಕೆ ಅವರು ಹೇಳುವ ಕಾರಣ ಇಂದಿಗೂ ಅದೊಂದೇ. ನಮ್ಮ ವಂಶದಲ್ಲಿ ಮೊದಲ ಸಲ ಪದವಿಯ ಬಾಗಿಲಿಗೆ ಬಂದವನು ನಾನು. ಓದಲು ಬಾರದವರ ಮುಂದೆ ಓದಿದವನು ಒಂದು ಕಾಗದವನ್ನು ಹಿಡಿದು 'ಇದರಲ್ಲಿ ಇಂಥದಿದೆ' ಎಂದರೆ, ಕೇಳುವವರಿಗೆ ನಂಬುವುದಲ್ಲದೆ ಬೇರೆ ದಾರಿಯಿಲ್ಲ. ನನ್ನ ಚಿತ್ರವನ್ನು ಪ್ರದರ್ಶನದಲ್ಲಿ ನೋಡುವವರೂ ಹಾಗೆಯೇ ನಂಬುತ್ತಿದ್ದರು.

ಶಾಸನಗಳನ್ನು ಸಂಪಾದಿಸುವವರು ಅಳಿಸಿಹೋದ ಅಕ್ಷರಗಳನ್ನು ಊಹಿಸಿ ಕಂಸದೊಳಗೆ ಬರೆಯುತ್ತಾರೆ. ಊಹೆ ಎಷ್ಟೇ ಸರಿಯಾಗಿರಲಿ, ಉಳಿ ತೆಗೆದುಕೊಂಡು ಅದನ್ನು ಕಲ್ಲಿನ ಮೇಲೆ ಕೊರೆಯುವುದಿಲ್ಲ. ನಾನು ಹೊರಟಿದ್ದದ್ದು ಕಲ್ಲಿನ ಮೇಲೆ ಕೊರೆಯುವುದಕ್ಕೆ. ಬಾಲವನ್ನು ತೆಗೆದುಹಾಕಿ, ನೂರು ಚಿತ್ರಗಳು ಎಷ್ಟನ್ನು ಹೇಳಿದವೋ ಅಷ್ಟನ್ನು ಮಾತ್ರ ಉಳಿಸಿಕೊಂಡೆ.

ಇನ್ನು ಚಿತ್ರವು ಹೇಳಲಾರದ ಇನ್ನೊಂದು ಸಂಗತಿಯನ್ನು ಹೇಳಬೇಕು. ಐದು ಮಬ್ಬುಗಳು ಒಂದೆಡೆ ಕಂಡವು, ಸರಿ. ಅವು ಒಂದೆಡೆಯೇ ಇವೆಯೆ? ಛಾಯಾಚಿತ್ರದಲ್ಲಿ ಅಗಲವುಂಟು, ಎತ್ತರವುಂಟು, ಆಳವಿಲ್ಲ. ಆಳವನ್ನು ತಿಳಿಯಲು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತವನ್ನು ನೋಡಬೇಕು. ವಿಶ್ವವು ಹಿಗ್ಗುತ್ತಿರುವುದರಿಂದ ದೂರದ ಗೆಲಕ್ಸಿಯ ಬೆಳಕು ಕೆಂಪಿನ ಕಡೆಗೆ ಹೆಚ್ಚಾಗಿ ಸರಿದಿರುತ್ತದೆ. ಇದಕ್ಕೆ ಕೆಂಪು ಪಲ್ಲಟವೆಂದು ಹೆಸರು. 1961ರಲ್ಲಿ ಮಾರ್ಗರೆಟ್ ಬರ್ಬಿಜ್ ಮತ್ತು ಜೆಫ್ರಿ ಬರ್ಬಿಜ್ ದಂಪತಿಗಳು ಪಂಚಕದ ರೋಹಿತಗಳನ್ನು ಹೋಲಿಸಿ ಪ್ರಕಟಿಸಿದಾಗ ಎಲ್ಲರಿಗೂ ಅಚ್ಚರಿ ಕಾದಿತ್ತು. ನಾಲ್ಕು ಗೆಲಕ್ಸಿಗಳು ಸೆಕೆಂಡಿಗೆ ಸುಮಾರು 5,700ರಿಂದ 6,700 ಕಿಲೊಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ, 7320 ಮಾತ್ರ ಸುಮಾರು 800 ಕಿಲೊಮೀಟರ್ ವೇಗದಲ್ಲಿ ಸರಿಯುತ್ತಿತ್ತು. ಎಂದರೆ ಅದು ಗುಂಪಿಗೆ ಸೇರಿದ್ದೇ ಅಲ್ಲ. ಬಹಳ ಈಚೆಗೆ, ಸುಮಾರು 4 ಕೋಟಿ ಬೆಳಕಿನ ವರ್ಷ ದೂರದಲ್ಲಿ, ಆಕಸ್ಮಿಕವಾಗಿ ಅದೇ ದಿಕ್ಕಿಗೆ ನಿಂತಿದೆ. ಇದನ್ನು ಒಪ್ಪದವರೂ ಇದ್ದರು. ಹಾಲ್ಟನ್ ಆರ್ಪ್ ಎಂಬ ಖಗೋಳಜ್ಞನು ಐದೂ ಒಂದೇ ದೂರದಲ್ಲಿವೆಯೆಂದೂ ಕೆಂಪು ಪಲ್ಲಟವೇ ದೂರಕ್ಕೆ ಸರಿಯಾದ ಅಳತೆಯಲ್ಲವೆಂದೂ ವಾದಿಸಿದನು. ಚರ್ಚೆ ದಶಕಗಳ ಕಾಲ ನಡೆಯಿತು. 2022ರ ಜುಲೈ 12ರಂದು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವು ತೆಗೆದ ಪಂಚಕದ ಚಿತ್ರ ಪ್ರಕಟವಾಯಿತು. ಸುಮಾರು ಸಾವಿರ ಚಿತ್ರಗಳನ್ನು ಜೋಡಿಸಿ ಮಾಡಿದ್ದು ಅದು. ಅದರಲ್ಲಿ 7320ರ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತಿರವಿರುವುದಕ್ಕೆ ಅದು ಇನ್ನೊಂದು ಸಾಕ್ಷಿ.

ಇದನ್ನು ತಂದೆಯವರಿಗೆ ವಿವರಿಸಲು ಹೊರಟಾಗ ಅವರು ನನ್ನನ್ನು ತಡೆದು, ಕಣದಿಂದ ಕಾಣುವ ಎರಡು ದೀಪಗಳನ್ನು ತೋರಿಸಿದರು. ಒಂದು ತೋಪಿನ ಈಚೆಯ ಮನೆಯದು. ಇನ್ನೊಂದು ಎರಡು ಹರಿದಾರಿ ಆಚೆಯ ಬೆಟ್ಟದ ಗುಡಿಯದು. ನೋಡುವುದಕ್ಕೆ ಒಂದರ ಮಗ್ಗುಲಲ್ಲೊಂದು. "ರಾತ್ರಿ ಕಾವಲಿಗೆ ಕೂತೋರಿಗೆ ಇದು ಗೊತ್ತಿರೋದೇ ಕಣಪ್ಪ," ಎಂದರು.

ಉಳಿದ ನಾಲ್ಕು ಮಾತ್ರ ನಿಜವಾಗಿ ಒಂದೆಡೆ ಇದ್ದು ಕಾದಾಡುತ್ತಿವೆ. 7318ಬಿ ಎಂಬುದು ಸೆಕೆಂಡಿಗೆ 800 ಕಿಲೊಮೀಟರಿಗೂ ಮಿಕ್ಕ ವೇಗದಿಂದ ಗುಂಪಿನೊಳಕ್ಕೆ ನುಗ್ಗುತ್ತಿದೆ. ಗೆಲಕ್ಸಿಗಳೊಳಗಿನ ನಕ್ಷತ್ರಗಳ ನಡುವೆ ಅಪಾರವಾದ ಅಂತರವಿರುವುದರಿಂದ ನಕ್ಷತ್ರಕ್ಕೆ ನಕ್ಷತ್ರ ತಗಲುವುದು ಇಲ್ಲವೆಂಬಷ್ಟು ವಿರಳ, ಬಡಿದಾಡುವುದು ಅನಿಲ. ಆ ಬಡಿತದಿಂದ ಎದ್ದ ಆಘಾತದ ಅಲೆ ನಮ್ಮ ಇಡೀ ಆಕಾಶಗಂಗೆಗಿಂತಲೂ ದೊಡ್ಡದೆಂದು, 2006ರಲ್ಲಿ ಪ್ರಕಟವಾದ ಸ್ಪಿಟ್ಜರ್ ದೂರದರ್ಶಕದ ಅವಕೆಂಪು ವೀಕ್ಷಣೆಗಳಿಂದ ತಿಳಿಯಿತು. 7319ರ ನಡುವೆ ಸೂರ್ಯನ ಎರಡು ಕೋಟಿ ನಲವತ್ತು ಲಕ್ಷದಷ್ಟು ರಾಶಿಯುಳ್ಳ ಕಪ್ಪುಕುಳಿಯಿದೆ. ಇಷ್ಟೆಲ್ಲ ರಂಪ ನನ್ನ ಚಿತ್ರದಲ್ಲಿ ನಾಲ್ಕು ತಣ್ಣನೆಯ ಚುಕ್ಕೆಗಳಾಗಿ ಮಲಗಿದೆ!

ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ವಿಚಿತ್ರವಾದ ದಾಖಲೆ ಸಿಕ್ಕೀತೆ? ಒಂದೇ ಹಾಳೆಯ ಮೇಲೆ ಎರಡು ಕಾಲಗಳಿವೆ. 7320ರ ಬೆಳಕು ಹೊರಟದ್ದು ಸುಮಾರು 4 ಕೋಟಿ ವರ್ಷಗಳ ಹಿಂದೆ, ಹಿಮಾಲಯವು ಏಳುತ್ತಿದ್ದ ಯುಗದಲ್ಲಿ. ಉಳಿದ ನಾಲ್ಕರ ಬೆಳಕು ಹೊರಟಾಗ ಭೂಮಿಯ ಮೇಲೆ ಡೈನೋಸಾರುಗಳು ಕೂಡ ಹುಟ್ಟಿರಲಿಲ್ಲ. ಎರಡೂ ಒಂದೇ ರಾತ್ರಿ, ಒಂದೇ ದರ್ಪಣಕ್ಕೆ ಬಂದು ಬಿದ್ದವು. ಆದರೂ ನಮ್ಮ ನೆಲ ನಾಚಬೇಕಾಗಿಲ್ಲ: ಕಣದ ಪಕ್ಕದಲ್ಲಿರುವಂಥ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆ ಬೆಳಕು ಹೊರಡುವಾಗಲೂ ಅವು ಮುದುಕಾಗಿದ್ದವು.

ಪ್ರದರ್ಶನದಲ್ಲಿ ನನ್ನ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಚಿತ್ರದ ಕೆಳಗೆ, 'ಐದು ಕಾಣುತ್ತವೆ; ನಾಲ್ಕು ಒಂದು ಗುಂಪು; ಬಾಲಗಳು ಈ ಚಿತ್ರದಲ್ಲಿ ಮೂಡಿಲ್ಲ' ಎಂದು ಬರೆದು ಅಂಟಿಸಿದ್ದೆ. ಮೂಡದೇ ಇದ್ದದ್ದನ್ನು ಬರೆಯುವುದೇಕೆಂದು ಕೆಲವರು ನಕ್ಕರು. ತಂದೆಯವರು ಬಂದು ನೋಡಿದರು. ಚೀಟಿಯಲ್ಲೇನಿದೆಯೆಂದು ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ.

ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ವಿಜ್ಞಾನ ಓದದವರಿಗೆ ಆಕಾಶ ಸೇರಿದ್ದಲ್ಲವೆಂದು ಹಿಂಜರಿಯಬೇಡಿ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತೇ ನಡೆಸುತ್ತಾರೆ. ಅದು ಪಂಡಿತರ ಕೆಲಸ. ಆದರೆ ಸಾಕ್ಷ್ಯವನ್ನು ತೂಗಿ ನೋಡುವ ಕೆಲಸ ಇಬ್ಬರದೂ ಒಂದೇ. ಬರುವ ಕಾರ್ತಿಕದ ಹೊತ್ತಿಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಕಣ ಇರುತ್ತದೆ, ದೂರದರ್ಶಕವನ್ನು ತರಲು ಮೇಷ್ಟ್ರು ಒಪ್ಪಿದ್ದಾರೆ. ಇನ್ನೂರು ಚಿತ್ರ ತೆಗೆದರೆ ಬಾಲ ಎರಡು ಪಾಲಿನಲ್ಲೂ ಮೂಡೀತೇನೋ ನೋಡಬೇಕೆಂದಿದ್ದೇವೆ. ಇಷ್ಟವಿದ್ದವರು ಬರಬಹುದು. ಕಂಬಳಿ ತರಲು ಮರೆಯಬಾರದು.